ಮುನಿಕೃಷ್ಣ ತುಂಬಿಸಿದ ಎಂಟು ಬಾರ್

ನನ್ನ ಗಂಡನಿಗೆ ಸಂಗೀತ ಬರುವುದಿಲ್ಲ. ಹಾಡಲು ಬರುವುದಿಲ್ಲ, ನುಡಿಸಲು ಬರುವುದಿಲ್ಲ, ಭಜನೆಯಲ್ಲಿ ತಾಳ ಹಾಕಿದರೆ ಪಕ್ಕದಲ್ಲಿ ಕೂತವರು ಜರುಗಿ ಕೂರುತ್ತಾರೆ. ಆದರೂ ಬೆಂಗಳೂರಿನ ಚರ್ಚುಗಳ ಗಾಯನ ತಂಡದವರು, ಶಾಲೆಗಳ ಬ್ಯಾಂಡ್ ಮೇಷ್ಟ್ರುಗಳು, ರೆಕಾರ್ಡಿಂಗ್‌ಗೆ ಸ್ವರ ಬರೆದುಕೊಡುವವರು ದೊಡ್ಡಬಳ್ಳಾಪುರದ ನಮ್ಮ ಮನೆಯ ನಂಬರು ಹುಡುಕಿಕೊಂಡು ಫೋನ್ ಮಾಡುತ್ತಾರೆ. ಕಂಪ್ಯೂಟರಿನಲ್ಲಿ ಸಂಗೀತ ಬರೆದಿಡುವ ಸಾಫ್ಟ್‌ವೇರ್‌ಗಳಿವೆ. ಐದು ಗೆರೆ, ಗೆರೆಗಳ ಮೇಲೆ ಕರಿಯ ಚುಕ್ಕಿಗಳು. ಹಾಗೆ ಬರೆದಿಟ್ಟ ಫೈಲು ಕೆಟ್ಟು ತೆರೆಯದೆ ಹೋದರೆ ಅದನ್ನು ರಿಪೇರಿ ಮಾಡಿಕೊಡುವುದು ಇವರ ಕೆಲಸ. ಹೆಸರು ಮುನಿಕೃಷ್ಣ. ನಾನು ಪ್ರಮೋದಾ, ಇವರ ಹೆಂಡತಿ. ಸೀರೆಗಳಿಗೆ ಕುಚ್ಚು ಕಟ್ಟುತ್ತೇನೆ.

ಇವರ ಬಗ್ಗೆ ಹೆಮ್ಮೆಯಿಂದ ನಾಲ್ಕು ಮಾತು ಬರೆಯುವ ಆಸೆ ನನಗೂ ಇತ್ತು. ಬರೆಯಲು ಕೂತರೆ ಕೈ ಹೋಗುವುದು ಮಾತ್ರ ಒಂದೇ ಕಡೆಗೆ. ಅದು ನಾಚಿಕೆಯ ಕಥೆ. ಅದರಲ್ಲಿ ನನ್ನ ಪಾಲು ಇವರದಕ್ಕಿಂತ ಹೆಚ್ಚೇ ಇದೆ, ಹಾಗಾಗಿ ಗಂಡನ ಮಾನ ಹರಾಜು ಹಾಕಿದಳು ಎಂದು ಯಾರೂ ನನ್ನನ್ನು ಬೈಯಬೇಕಾಗಿಲ್ಲ.

ಇವರ ತಂದೆಯ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಇದ್ದವು. ಮಗ್ಗದ ಮೇಲೆ ಜಕಾರ್ಡ್ ಎಂಬ ಯಂತ್ರ ಕೂರಿಸಿರುತ್ತಾರೆ. ಸೀರೆಯಲ್ಲಿ ಹೂವು ಬರಬೇಕೋ ನವಿಲು ಬರಬೇಕೋ, ಅದನ್ನು ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು ಆ ಯಂತ್ರಕ್ಕೆ ಉಣಿಸಬೇಕು. ಇವರು ಹದಿನೈದನೆಯ ವಯಸ್ಸಿಗೇ ಕಾರ್ಡು ಹೊಡೆಯಲು ಕೂತವರು. ಒಮ್ಮೆ ಇಲಿಗಳು ಕಾರ್ಡಿನ ಸರವನ್ನು ನಡುವೆ ಕಡಿದು ಹಾಕಿದ್ದವಂತೆ. ಅಳುತ್ತ ಕೂತ ಮಗನಿಗೆ ನಮ್ಮ ಮಾವ ಹೇಳಿದರಂತೆ: “ಅದ್ಕ್ಯಾಕ್ಲಾ ಅಳ್ತೀಯ? ಅಂಚಿನ ಹೂವು ಉದ್ದಕ್ಕೂ ಒಂದೇ ಥರ ತಾನೆ ಬರೋದು? ಹೋಗಿರೋ ಹೂವಿಗೆ ಪಕ್ಕದ ಹೂವೇ ಸಾಕ್ಷಿ. ಅದನ್ನ ನೋಡ್ಕೊಂಡು ಹೊಡಿ.” ಸೀರೆಯ ಮಟ್ಟಿಗೆ ಈ ಮಾತು ಎಂದೂ ಸುಳ್ಳಾಗುವುದಿಲ್ಲ. ನೇಕಾರರಿಗೆ ಇನ್ನೊಂದು ಮಾತೂ ಅಷ್ಟೇ ನಿಜ. ನೇಯ್ಗೆಯಲ್ಲಿ ಬೇಕೆಂದೇ ಬಿಟ್ಟ ತೂತು ಎಂಬುದಿಲ್ಲ. ತೂತು ಕಂಡರೆ ಅದು ಎಳೆ ತಪ್ಪಿದ ಜಾಗ, ಗಿರಾಕಿ ಬೆರಳಿಟ್ಟು ತೋರಿಸಿ ಸೀರೆ ವಾಪಸ್ ಕೊಡುವ ಜಾಗ.

ರಟ್ಟಿನ ಕಾರ್ಡು ಹೋಗಿ ಕಂಪ್ಯೂಟರ್ ಬಂದಾಗ ಇವರು ಅದನ್ನೂ ಕಲಿತರು. ಕರೆಂಟು ಹೋಗಿ ಡಿಸೈನ್ ಫೈಲು ಕೆಟ್ಟರೆ, ಅದರ ಹೊಟ್ಟೆ ಬಗೆದು, ಒಳಗಿನ ಅಕ್ಷರ ಅಂಕಿಗಳನ್ನು ಒಂದೊಂದೇ ನೋಡಿ ಸರಿಮಾಡುವುದು ತಾವೇ ಕಂಡುಕೊಂಡ ವಿದ್ಯೆ. ನಮ್ಮಿಂದ ಸೀರೆ ಕೊಳ್ಳುತ್ತಿದ್ದ ಬೆಂಗಳೂರಿನ ಒಬ್ಬರ ತಂಗಿ ಚರ್ಚಿನಲ್ಲಿ ಹಾಡುತ್ತಿದ್ದರು. ಅವರ ಸಂಗೀತದ ಫೈಲು ಕೆಟ್ಟಿತ್ತು, ಇವರು ನೋಡಿಕೊಟ್ಟರು. ಅಲ್ಲಿಂದ ಶುರುವಾಯಿತು. ಚುಕ್ಕಿ ಏನು ಹೇಳುತ್ತದೆಂದು ಇವರಿಗೆ ಗೊತ್ತಿಲ್ಲ, ಆದರೆ ಚುಕ್ಕಿಗಳ ಸಾಲು ಕಣ್ಣಿಗೆ ಅಂಚಿನ ಹಾಗೆ ಕಾಣುತ್ತದೆ. ಎಲ್ಲಿ ತಪ್ಪಿದೆಯೋ ಅಲ್ಲಿಗೆ ಬೆರಳು ಹೋಗುತ್ತದೆ. ಅನುಮಾನ ಬಂದರೆ ಟ್ರಂಪೆಟ್ ಊದುವ ಮಂಜೇಶನನ್ನು ಕೇಳುತ್ತಿದ್ದರು.

ಮಂಜೇಶ ಇದ್ದದ್ದು ಪಾಪಯ್ಯನವರ ಬ್ಯಾಂಡ್ ಸೆಟ್ಟಿನಲ್ಲಿ. ಪಾಪಯ್ಯನವರು ನಮ್ಮ ಬೀದಿಯವರೇ, ಹಗಲು ಮಗ್ಗ, ಮದುವೆ ಸೀಸನ್ನಿನಲ್ಲಿ ಕ್ಲಾರಿಯೊನೆಟ್. ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾದ ಒಬ್ಬರ ಹತ್ತಿರ ಸ್ವರ ಓದಲು ಕಲಿತು, ತಮ್ಮ ಹುಡುಗರಿಗೂ ಕಲಿಸಿದ್ದರು. ಕೊನೆಯ ವರ್ಷ ಅವರಿಗೆ ಶ್ವಾಸಕೋಶದ ಕಾಯಿಲೆ ಬಂದು ಊದುವುದು ನಿಂತಿತು. ಡಿಟಿಪಿ ಅಂಗಡಿಯೊಂದು ಮುಚ್ಚಿದಾಗ ತಂದ ಹಳೆಯ ಲ್ಯಾಪ್‌ಟಾಪಿನಲ್ಲಿ, ಎರಡು ಬೆರಳಲ್ಲಿ ಕುಟ್ಟುತ್ತ, ಒಬ್ಬಳೇ ಮಗಳು ಸ್ನೇಹಳ ಮದುವೆಗೆಂದು ಒಂದು ಸಂಗೀತ ಬರೆಯತೊಡಗಿದರು. ಹೆಣ್ಣನ್ನು ಮಂಟಪಕ್ಕೆ ಕರೆತರುವಾಗ ನುಡಿಸಬೇಕಾದದ್ದು.

ಅವರ ಹೆಂಡತಿ ವರಲಕ್ಷ್ಮಮ್ಮ ನಮ್ಮ ಬೀದಿಯ ಸೋಬಾನೆಗೆ ಮೊದಲ ಕಂಠ. ಯಾರ ಮನೆಯ ಶಾಸ್ತ್ರವಾದರೂ ಅವರು ಬಂದು ಎರಡು ಸಾಲು ಎತ್ತಿಕೊಟ್ಟ ಮೇಲೆಯೇ ಉಳಿದ ಹೆಂಗಸರು ಬಾಯಿ ಬಿಡುತ್ತಿದ್ದದ್ದು. ಈ ಗಂಡ ಹೆಂಡತಿ ನಡುವೆ ಆಗಿದ್ದ ಮಾತು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಆದರೂ ಇಲ್ಲಿಯೇ ಹೇಳಿಬಿಡುತ್ತೇನೆ. ಪಾಪಯ್ಯನವರು ಒಂದು ದಿನ ಹೆಂಡತಿಯನ್ನು ಕೂರಿಸಿಕೊಂಡು ಹೇಳಿದರಂತೆ: “ಮದ್ವೆ ಹೊತ್ಗೆ ನಾನಿರ್ತೀನೋ ಇಲ್ವೋ. ನಾನಿಲ್ದಿದ್ರೆ ನಿನ್ನ ಹಿಂದಕ್ಕೆ ನಿಲ್ಲಿಸ್ತಾರೆ ಕಣೆ. ಹೆತ್ತ ಮಗಳ ಮದ್ವೇಲಿ ಬಾಯಿ ಬಿಡೋಕೆ ಬಿಡಲ್ಲ. ಅದಕ್ಕೇ ನಡುವೆ ಎಂಟು ಬಾರ್ ಖಾಲಿ ಬಿಡ್ತಾ ಇದ್ದೀನಿ. ಬ್ಯಾಂಡೆಲ್ಲ ಗಪ್ ಅಂತ ನಿಂತ್ಬಿಡ್ತದೆ. ಆಗ ನೀನು ಎರಡು ಸಾಲು ಸೋಬಾನೆ ಹೇಳು. ನೀನು ಹೇಳ್ದೆ ಬ್ಯಾಂಡು ಮುಂದಕ್ಕೋಗಲ್ಲ. ಯಾವನ್ ತಡೀತಾನೆ ನೋಡೇಬಿಡೋಣ.”

ಬಾರ್ ಎಂದರೆ ಅಡ್ಡಗೆರೆ ಹಾಕಿ ಭಾಗ ಮಾಡಿದ ಒಂದೊಂದು ಮನೆ. ಎಂಟು ಮನೆ ಖಾಲಿ ಎಂದರೆ ಎರಡು ಸಾಲು ಹಾಡುವಷ್ಟು ಹೊತ್ತು. ಬ್ಯಾಂಡಿನವರಿಗೆ ಮೊದಲೇ ಹೇಳಿದರೆ ನೆಂಟರಿಗೆ ಗೊತ್ತಾಗಿ ಅಡ್ಡ ಬರುತ್ತಾರೆಂದು, ರಿಹರ್ಸಲ್ ದಿನ ಹೇಳಿದರಾಯಿತು ಎಂದುಕೊಂಡಿದ್ದರು. ಹೆಂಡತಿ ಮಗಳನ್ನು ಬಿಟ್ಟು ಯಾರಿಗೂ ತಿಳಿಯದು. ರಿಹರ್ಸಲ್ಲಿಗೆ ಅವರು ಉಳಿಯಲಿಲ್ಲ. ಶ್ರಾವಣದಲ್ಲಿ ತೀರಿಕೊಂಡರು.

ತೀರಿಕೊಳ್ಳುವ ಹಿಂದಿನ ವಾರ ಬರೆದದ್ದನ್ನು ಸೇವ್ ಮಾಡುತ್ತಿರುವಾಗ ಕರೆಂಟು ಹೋಗಿತ್ತು. ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ಸತ್ತಿತ್ತು. ಮಾರನೆಯ ದಿನದಿಂದ ಫೈಲು ತೆರೆಯಲಿಲ್ಲ. ವರ್ಷದೊಳಗೆ ಮದುವೆ ಮಾಡಿಬಿಡಿ ಎಂದು ಹಿರಿಯರು ಹೇಳಿ, ಮಾಘಕ್ಕೆ ಲಗ್ನ ಇಟ್ಟ ಮೇಲೆ ಮಂಜೇಶ ಲ್ಯಾಪ್‌ಟಾಪನ್ನು ನಮ್ಮ ಮನೆಗೆ ತಂದ. ಹಿಂದೆಯೇ ವರಲಕ್ಷ್ಮಮ್ಮನೂ ಬಂದಿದ್ದರು. ಬಾಗಿಲಲ್ಲೇ ನಿಂತು, “ಅವರು ಬರೆದಂಗೇ ಬರಬೇಕು ಮುನಿಕೃಷ್ಣ,” ಎಂದರು. ಇವರು, “ನೂರಕ್ಕೆ ನೂರು ಬರ್ತದೆ ಅಕ್ಕ, ನೀವ್ ಆರಾಮಾಗಿರಿ,” ಎಂದರು. ಗಂಡ ಸತ್ತು ಐದು ತಿಂಗಳೂ ಆಗಿರದ ಹೆಂಗಸು ಮದುವೆಯಲ್ಲಿ ನಾನು ಹಾಡುತ್ತೇನೆ ಎಂದು ಯಾವ ಬಾಯಲ್ಲಿ ಹೇಳಿಯಾಳು? ಕಾಗದದಲ್ಲಿ ಇದ್ದೇ ಇದೆ, ಬ್ಯಾಂಡು ತಾನಾಗಿ ನಿಲ್ಲುತ್ತದೆ ಎಂದು ನಂಬಿ ಅವರು ಮನೆಗೆ ಹೋದರು.

ಒಂಬತ್ತು ದಿನ ಇವರು ಆ ಫೈಲಿನ ಹಿಂದೆ ಬಿದ್ದರು. ಬಾಲ ತುಂಡಾಗಿತ್ತು, ನಡುವೆ ಅಲ್ಲಲ್ಲಿ ಕಂತೆ ಕಂತೆ ಕಸ ಸೇರಿಕೊಂಡಿತ್ತು. ಒಂದೊಂದೇ ಬಿಡಿಸಿ ಗಂಟು ಹಾಕಿದರು. ಒಂಬತ್ತನೆಯ ದಿನ ಮಧ್ಯಾಹ್ನ ಫೈಲು ತೆರೆದುಕೊಂಡಿತು. ಕುಣಿದಾಡಿಬಿಟ್ಟರು ಮಹರಾಯರು. ಆಮೇಲೆ ಕುಣಿತ ನಿಂತಿತು. ಎಲ್ಲ ಬಂದಿತ್ತು, ನಡುವಿನ ಎಂಟು ಮನೆ ಮಾತ್ರ ಖಾಲಿ. ಕ್ಲಾರಿಯೊನೆಟ್ಟಿಗೂ ಖಾಲಿ, ಟ್ರಂಪೆಟ್ಟಿಗೂ ಖಾಲಿ, ಡ್ರಮ್ಮಿಗೂ ಖಾಲಿ. ಪ್ರತಿ ಮನೆಯಲ್ಲೂ ಗೆರೆಗೆ ನೇತುಬಿದ್ದ ಒಂದು ಕರಿಯ ಪಟ್ಟಿ, ಇಲ್ಲಿ ಸ್ವರವಿಲ್ಲ ಎನ್ನುವ ಗುರುತು. ಅವುಗಳ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಒಂದು ಸಾಲು. ಹಳೆಯ ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿದ್ದು ಹೊಸ ಕಂಪ್ಯೂಟರಿನಲ್ಲಿ ಹಾಗೆ ಕಾಣುತ್ತದೆ. ಇವರಿಗೆ ಅದು ಗೊತ್ತು.

ನನ್ನನ್ನು ಕರೆದು ತೋರಿಸಿದರು. “ಪ್ರಮೋದಾ, ಇದು ಇದ್ದಿದ್ದು ಹೋಗಿರೋದೋ, ಮೊದಲಿಂದಾನೇ ಇಲ್ದೇ ಇದ್ದಿದ್ದೋ ಗೊತ್ತಾಗ್ತಿಲ್ಲ. ಮಂಜೇಶನ್ನ ಕೇಳ್ಲಾ?”

ನಾನು ಕುಚ್ಚು ಕಟ್ಟುತ್ತ ತಲೆಯೆತ್ತದೆ ಹೇಳಿದೆ: “ಅವನ್ನ ಕೇಳಿದ್ರೆ ಮುನಿಕೃಷ್ಣಣ್ಣಂಗೆ ಅರ್ಧನೇ ಮಾಡಕ್ಕಾಗಿದ್ದು ಅಂತ ಊರೆಲ್ಲ ಡಂಗುರ ಹೊಡೀತಾನೆ. ನೂರಕ್ಕೆ ನೂರು ಅಂತ ಆಕೆ ಮುಂದೆ ಹೇಳಿದ್ದೀರ. ಖಾಲಿ ಕೊಡ್ತೀರಾ ಈಗ? ಇಷ್ಟು ವರ್ಷದಿಂದ ಮಾಡ್ತಿದ್ದೀರ, ನಿಮ್ಗೇ ತಿಳಿಯಲ್ವಾ?”

ಇವರಿಗೆ ತಮ್ಮ ತಂದೆಯ ಮಾತು ನೆನಪಾಯಿತಂತೆ. ಅದಕ್ಕೂ ಹಿಂದಿನ ಎಂಟು ಮನೆಗಳನ್ನೇ ನಕಲು ಮಾಡಿ ಖಾಲಿ ಮನೆಗಳಲ್ಲಿ ಇಟ್ಟರು. ನೋಡಲು ಅಂಚು ಸೇರಿದ ಹಾಗೆ ಸೇರಿತು. ಮೇಲಿದ್ದ ಚಿಹ್ನೆಗಳ ಸಾಲನ್ನು ಕಸವೆಂದು ಅಳಿಸಿದರು. ಫಾಂಟ್ ಹಾಕಿ ಓದಲು ಎರಡು ನಿಮಿಷ ಸಾಕಿತ್ತು. ಆ ಎರಡು ನಿಮಿಷ ಇವರು ಕೊಡಲಿಲ್ಲ, ಕೊಡಿ ಎಂದು ನಾನೂ ಹೇಳಲಿಲ್ಲ.

ಪ್ರಿಂಟು ನೋಡಿದ ಮಂಜೇಶ, “ಒಂದೇ ಸಾಲು ಎರಡು ಸಲ ಬರ್ತದಲ್ಲಣ್ಣ,” ಎಂದ. ಮರುಗಳಿಗೆಯಲ್ಲಿ ಅವನೇ, “ಮೇಷ್ಟ್ರು ಒತ್ತಿ ಹೇಳವ್ರೆ ಬಿಡು,” ಎಂದು ಸಮಾಧಾನ ಮಾಡಿಕೊಂಡ. ಇವರು ಬಾಯಿ ಬಿಡಲಿಲ್ಲ.

ಮದುವೆಯ ದಿನ ಛತ್ರದಲ್ಲಿ ಪಾಪಯ್ಯನವರ ಅಣ್ಣ ಸೊಣ್ಣಪ್ಪನವರು ಇವರನ್ನು ಮುಂದಕ್ಕೆ ಕರೆದು ಶಾಲು ಹೊದಿಸಿದರು. “ಸತ್ತೋದ ನನ್ನ ತಮ್ಮನ್ನ ಇವತ್ತು ಮಾತಾಡಿಸ್ತಾ ಅವ್ನೆ ಇವ್ನು,” ಎಂದು ಮೈಕಿನಲ್ಲಿ ಹೇಳಿದರು. ನನಗೆ ಎದೆ ಉಬ್ಬಿತು. ಅಕ್ಕಪಕ್ಕದವರು ತಿರುಗಿ ನನ್ನನ್ನು ನೋಡಲಿ ಎಂದು ಸೆರಗು ಸರಿಮಾಡಿಕೊಂಡೆ. ಈಗ ಬರೆಯುವಾಗ ಮುಖ ಎಲ್ಲಿಡಲಿ ಎನ್ನಿಸುತ್ತದೆ.

ಬ್ಯಾಂಡು ಶುರುವಾಯಿತು. ಸ್ನೇಹ ಮೆಟ್ಟಿಲ ಹತ್ತಿರ ಬಂದಳು. ಮುತ್ತೈದೆಯರೆಲ್ಲ ಮುಂದೆ ನಿಂತಿದ್ದೆವು. ವರಲಕ್ಷ್ಮಮ್ಮ ನಮ್ಮ ಹಿಂದೆ, ಕಂಬದ ಪಕ್ಕದಲ್ಲಿ. ಪಾಪಯ್ಯನವರು ಹೇಳಿದ ಹಾಗೆಯೇ ಅವರನ್ನು ಅಲ್ಲಿ ನಿಲ್ಲಿಸಿದ್ದರು. ಸಂಗೀತ ಒಂದು ಹದಕ್ಕೆ ಏರಿ ಇಳಿಯಿತು. ಆಗ ಹಿಂದಿನಿಂದ ವರಲಕ್ಷ್ಮಮ್ಮ ನಮ್ಮ ನಡುವೆ ದಾರಿ ಮಾಡಿಕೊಂಡು ಎರಡು ಹೆಜ್ಜೆ ಮುಂದೆ ಬಂದರು. ಕತ್ತು ನೇರ ಮಾಡಿಕೊಂಡು ಬಾಯಿ ತೆರೆದರು. ಬ್ಯಾಂಡು ನಿಲ್ಲಲಿಲ್ಲ. ಅದೇ ಸಾಲನ್ನು ಇನ್ನೊಮ್ಮೆ, ಇನ್ನೂ ಜೋರಾಗಿ ಬಾರಿಸಿತು. ಅವರು ಬಾಯಿ ತೆರೆದುಕೊಂಡೇ ನಿಂತರು. ಸ್ನೇಹ ಮೆಟ್ಟಿಲ ಮೇಲಿಂದ ಅವರನ್ನೇ ನೋಡುತ್ತಿದ್ದಳು.

ಆಗ ಒಬ್ಬಳು ಅವರ ತೋಳು ಹಿಡಿದು ಹಿಂದಕ್ಕೆಳೆದಳು. “ಮುಂದೆ ಬರಬೇಡಿ ಅಕ್ಕ, ಜನ ನೋಡ್ತಾ ಅವ್ರೆ,” ಎಂದು ಕಿವಿಯಲ್ಲಿ ಹೇಳಿದಳು. ಆ ಒಬ್ಬಳು ನಾನು. ಯಾರೂ ನನಗೆ ಎಳೆ ಎಂದು ಹೇಳಿರಲಿಲ್ಲ. ಅವರು ಬಾಯಿ ಮುಚ್ಚಿಕೊಂಡು ಕಂಬದ ಹತ್ತಿರಕ್ಕೆ ಹೋದರು, ತಿರುಗಿ ನೋಡಲಿಲ್ಲ.

ನಾನು ಕಂಡದ್ದು ಒಬ್ಬ ವಿಧವೆ ಮುಂದೆ ಬಂದದ್ದನ್ನು. ಇವರು ಕಂಡದ್ದು ಬೇರೆ. ಶಾಲು ಹೊದ್ದುಕೊಂಡು ನಿಂತಿದ್ದ ಇವರಿಗೆ, ಅದೇ ಸಾಲು ಮತ್ತೆ ಶುರುವಾದದ್ದು ಕೇಳಿ, ಆಕೆ ಬಾಯಿ ತೆರೆದದ್ದು ತಾವು ತುಂಬಿಸಿದ ಮನೆ ಶುರುವಾಗುವ ಜಾಗಕ್ಕೆ ಸರಿಯಾಗಿ ಎಂದು ಗೊತ್ತಾಗಿಹೋಯಿತು. ಊಟಕ್ಕೂ ಕೂರದೆ ಮನೆಗೆ ಹೊರಟರು. ನಾನು ಹೋಳಿಗೆ ಉಂಡು ಬರುವ ಹೊತ್ತಿಗೆ ಕಂಪ್ಯೂಟರಿನ ಮುಂದೆ ಕೂತಿದ್ದರು. ಏನೇ ರಿಪೇರಿಗೆ ಬಂದರೂ ಮುಟ್ಟುವ ಮೊದಲು ಒಂದು ಪ್ರತಿ ತೆಗೆದಿಡುವುದು ಇವರ ಅಭ್ಯಾಸ. ಆ ಪ್ರತಿಯಿಂದ ಚಿಹ್ನೆಗಳ ಸಾಲನ್ನು ಎತ್ತಿ, ಹಳೆಯ ಕನ್ನಡ ಫಾಂಟ್ ಹಾಕಿದ್ದರು. ಪರದೆಯ ಮೇಲೆ ಇಷ್ಟೇ ಇತ್ತು: “ಎಲ್ಲರೂ ನಿಲ್ಲಿಸಿ. ವರಲಕ್ಷ್ಮಿ ಹಾಡ್ತಾಳೆ.”

ನಾನೂ ಓದಿದೆ. “ಈಗ್ಲೇ ಹೋಗಿ ಹೇಳ್ತೀನಿ,” ಎಂದು ಇವರು ಎದ್ದರು. ತಡೆದವಳು ಮತ್ತೆ ನಾನೇ. “ಮದ್ವೆ ಮನೇಲಿ ಹೋಗಿ ಏನ್ ಹೇಳ್ತೀರ? ಆಗಿದ್ದು ಆಗೋಯ್ತು. ಶಾಲು ಹೊದಿಸಿದ ಜನಾನೇ ಉಗೀತಾರೆ.” ಇವರು ಕೂತರು. ಆ ಶಾಲನ್ನು ನಾನು ಬೀರುವಿನ ಮೇಲಿನ ಖಾನೆಯಲ್ಲಿ, ಕೈಗೆ ಎಟುಕದ ಕಡೆ ಇಟ್ಟೆ. ನಾಳೆ ಹೇಳಿದರಾಯಿತು, ಹಬ್ಬ ಕಳೆಯಲಿ, ವರ್ಷದ ತಿಥಿ ಮುಗಿಯಲಿ ಎನ್ನುತ್ತ ಒಂಬತ್ತು ತಿಂಗಳು ಕಳೆದೆವು. ತಪ್ಪು ಮಾಡಿದ್ದು ಒಂದು ಮಧ್ಯಾಹ್ನ, ಮುಚ್ಚಿಟ್ಟದ್ದು ಒಂಬತ್ತು ತಿಂಗಳು. ಯಾವುದು ದೊಡ್ಡದೆಂದು ಲೆಕ್ಕ ಹಾಕುವ ಧೈರ್ಯ ನನಗಿಲ್ಲ.

ಅಷ್ಟರಲ್ಲಿ ವರಲಕ್ಷ್ಮಮ್ಮ ಹಾಡುವುದನ್ನು ಬಿಟ್ಟಿದ್ದರು. ಶಾಸ್ತ್ರಗಳಲ್ಲಿ ಹೇಗೂ ಕರೆಯುತ್ತಿರಲಿಲ್ಲ, ಬಿಡಿ. ಮನೆಯಲ್ಲಿ ಲಾಳಿಗೆ ನೂಲಿನ ಕಂಡಿಕೆ ಸುತ್ತುವಾಗ ಗುನುಗುವುದೂ ನಿಂತಿತ್ತು. ಬೀದಿಗೆ ಬೀದಿಯೇ ಗಮನಿಸಿತು. ಅಂಗಡಿಯ ಹತ್ತಿರ ಯಾರೋ, “ಆಕೆ ದನಿ ಯಾರ್ ಕಿತ್ಕೊಂಡ್ರೋ,” ಎಂದರೆ ನನ್ನನ್ನೇ ಅಂದ ಹಾಗಾಗುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಹಾಲಿನ ಪಾಕೆಟ್ ಬಿಟ್ಟು ಮನೆಗೆ ಬಂದದ್ದೂ ಉಂಟು. ಇವರೋ, ಅವರ ಮನೆಯ ಮುಂದೆ ಹಾಯಬೇಕಾಗುತ್ತದೆಂದು ಬಸ್‌ಸ್ಟ್ಯಾಂಡಿಗೆ ಸುತ್ತಿ ಹೋಗುತ್ತಿದ್ದರು. ಹೊಸ ಕೆಲಸ ಬಂದರೆ, ಕಾಣೆಯಾದ ಕಡೆ ಕೆಂಪು ಬಣ್ಣ ಹಚ್ಚಿ “ಇದು ನನಗೆ ಗೊತ್ತಿಲ್ಲ” ಎಂದು ಬರೆದು ಕಳಿಸತೊಡಗಿದರು. ಅರ್ಧ ಕೆಲಸ ಎಂದು ಬೈಸಿಕೊಂಡರು. ಅದಕ್ಕೆ ನಾನು ಬಾಯಿ ಹಾಕಲಿಲ್ಲ.

ದೀಪಾವಳಿ ಕಳೆದ ಮೇಲೆ ಸ್ನೇಹ ತವರಿಗೆ ಬಂದಳು, ಏಳು ತಿಂಗಳ ಬಸುರಿ. ಸೀಮಂತಕ್ಕೆ ಅಮ್ಮನೇ ಮೊದಲು ಹಾಡಬೇಕೆಂದು ಹಟ ಹಿಡಿದಿದ್ದಳಂತೆ. ಒಂದು ಬೆಳಗ್ಗೆ ನಮ್ಮ ಮನೆಗೆ ಬಂದಳು. ಅಪ್ಪ ಹೇಳಿದ್ದ ಎಂಟು ಬಾರಿನ ವಿಷಯವನ್ನೆಲ್ಲ ಇವರ ಮುಂದೆ ಹೇಳಿ, “ಅಂಕಲ್, ಅಮ್ಮ ಹಾಡಲ್ಲ ಅಂತಾಳೆ. ‘ನಿಮ್ಮಪ್ಪಾನೇ ಕೊನೆಗೆ ಬೇಡ ಅಂತ ತೆಗೆದುಬಿಟ್ಟವ್ರೆ, ಇನ್ನು ಬೇರೆಯವರು ಬೇಡ ಅಂದ್ರೆ ಏನು ತಪ್ಪು’ ಅಂತಾಳೆ. ಫೈಲು ನೋಡಿದ್ದು ನೀವು. ಅಪ್ಪ ನಿಜ್ವಾಗ್ಲೂ ತೆಗೆದುಬಿಟ್ಟಿದ್ರಾ?” ಎಂದು ಕೇಳಿದಳು.

ಇವರು ನನ್ನ ಮುಖ ನೋಡಲಿಲ್ಲ, ಈ ಸಲ ನನ್ನನ್ನು ಕೇಳಲೂ ಇಲ್ಲ. “ಅಮ್ಮ ಮನೇಲಿದ್ದಾರಾ? ನಡಿಯಮ್ಮ,” ಎಂದು ಲ್ಯಾಪ್‌ಟಾಪ್ ತೆಗೆದುಕೊಂಡು ಹೊರಟರು. ನಾನೂ ಹಿಂದೆ ಹೋದೆ.

ವರಲಕ್ಷ್ಮಮ್ಮ ಜಗುಲಿಯಲ್ಲಿ ಕಂಡಿಕೆ ಸುತ್ತುತ್ತಿದ್ದರು. ನಡುಮನೆಗೆ ಕರೆದು ಚಾಪೆ ಹಾಕಿದರು. ಗೋಡೆಯ ಮೇಲೆ ಪಾಪಯ್ಯನವರ ಫೋಟೊಗೆ ಹಾರವಿರಲಿಲ್ಲ, ಕುಂಕುಮವೂ ಇರಲಿಲ್ಲ. ಇವರು ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದರು. ಖಾಲಿ ಇದ್ದದ್ದು, ತಾವು ತುಂಬಿಸಿದ್ದು, ಯಾರನ್ನೂ ಕೇಳದೆ ಇದ್ದದ್ದು, ಬರಹ ಅಳಿಸಿದ್ದು, ಅದನ್ನು ಮದುವೆಯ ದಿನವೇ ಓದಿಯೂ ಒಂಬತ್ತು ತಿಂಗಳು ಬಾಯಿ ಮುಚ್ಚಿಕೊಂಡಿದ್ದು. ನನ್ನ ಹೆಸರು ಒಂದು ಕಡೆಯೂ ತರಲಿಲ್ಲ. ಆಮೇಲೆ ಲ್ಯಾಪ್‌ಟಾಪ್ ತೆರೆದು ಆ ಸಾಲನ್ನು ತೋರಿಸಿದರು. ಓದುವಾಗ ವರಲಕ್ಷ್ಮಮ್ಮನ ತುಟಿ ಅಲುಗಿತು. ಎರಡು ಸಲ ಓದಿದರು.

“ಹಂಗಾದ್ರೆ ಅವರು ಬಿಟ್ಟಿದ್ರು,” ಎಂದರು.

“ಬಿಟ್ಟಿದ್ರು ಅಕ್ಕ. ತುಂಬಿಸಿದ್ದು ನಾನು.”

“ವರ್ಷದ ತಿಥಿ ದಿನ ಆ ಫೋಟೊಗೆ ಒಂದು ಹೂವ ಇಡಲಿಲ್ಲ ನಾನು. ಬದುಕಿದ್ದಾಗ ಒಂದು, ಸಾಯೋವಾಗ ಒಂದು ಮಾಡ್ದ, ಇವನೂ ಎಲ್ಲರಂಗೇ ಅಂತ ದಿನಾ ಬೈತಿದ್ದೆ. ಕೇಳಿಸ್ಕೊಂಡಿರ್ತಾರಾ ಮುನಿಕೃಷ್ಣ? ಈಗ ಯಾರ ಹತ್ರ ಹೋಗಿ ತಪ್ಪಾಯ್ತು ಅನ್ಲಿ?”

ಸ್ನೇಹ ಅಳತೊಡಗಿದಳು. ಇವರು ತಲೆ ತಗ್ಗಿಸಿ ನಿಂತಿದ್ದರು. ಅಷ್ಟು ದೊಡ್ಡ ಗಂಡಸು ಪಾಠ ಒಪ್ಪಿಸಲಾಗದ ಮಗುವಿನ ಹಾಗೆ ನಿಂತದ್ದನ್ನು ನೋಡಿ, ಇನ್ನು ಸುಮ್ಮನಿದ್ದರೆ ನಾನು ಮನುಷ್ಯಳೇ ಅಲ್ಲ ಎನ್ನಿಸಿತು.

“ಅಕ್ಕ, ಯಾರನ್ನೂ ಕೇಳ್ಬೇಡಿ ಅಂತ ಇವರಿಗೆ ಹೇಳಿದ್ದು ನಾನು. ಅವತ್ತು ಛತ್ರದಲ್ಲಿ ನಿಮ್ಮ ಕೈ ಹಿಡಿದು ಎಳೆದಿದ್ದೂ ನಾನೇ,” ಎಂದೆ.

ವರಲಕ್ಷ್ಮಮ್ಮ ನನ್ನ ಕಡೆ ತಿರುಗಿದರು. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮುಖದಲ್ಲಿ ಕೋಪವಿರಲಿಲ್ಲ.

“ಎಳೆದಿದ್ದು ನೀನು ಅಂತ ಅವತ್ತೇ ಗೊತ್ತು ಕಣಮ್ಮ,” ಎಂದರು. “ಎಳೀತಾರೆ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬ್ಯಾಂಡು ನಿಂತಿದ್ರೆ ನಿನ್ನ ಕೈ ಕೊಡವಿ ಹಾಡ್ತಿದ್ದೆ.”

ಹೊರಡಿ ಎಂದು ಅವರು ಹೇಳಲಿಲ್ಲ, ಕೂತುಕೊಳ್ಳಿ ಎಂದೂ ಹೇಳಲಿಲ್ಲ. ನಾವಿಬ್ಬರೂ ನಿಂತೇ ಇದ್ದೆವು.